ವಾಸ್ ಇದ್ದಲ್ಲಿ ವೇರ್

ನಮ್ಮೂರಿಗೆ ಬಂದು ಬಸ್ಸಿಳಿದವರು ಮೊದಲು ನಗುತ್ತಾರೆ. ಎದುರಿಗೇ ಪಂಚಾಯಿತಿಯವರು ನೆಟ್ಟ ನೀಲಿ ಬೋರ್ಡು ಇದೆ, ಅದರ ಮೇಲೆ ದಪ್ಪ ಬಿಳಿ ಇಂಗ್ಲಿಷ್ ಅಕ್ಷರದಲ್ಲಿ ‘ಯೂ ಈಸ್ ವೆಲ್‌ಕಮ್’ ಎಂದು ಬರೆದಿದೆ. ನಗುವವರು ನಗಲಿ ಎಂದು ನಾವು ಸುಮ್ಮನಿರುತ್ತೇವೆ. ಒಂದು ಕಾಲದಲ್ಲಿ ಆ ಬೋರ್ಡು ಸರಿಯಾಗಿಯೇ ಇತ್ತು. ಆಗ ಹನ್ನೊಂದು ದಿನ ಬಸ್ಸು ತುಂಬಿ ತುಂಬಿ ಜನ ಬಂದು ಇಳಿದರು. ಯಾಕೆ ಬಂದೆವೆಂದು ಅವರಿಗೆ ಗೊತ್ತಿರಲಿಲ್ಲ, ಹೋಗಿ ಎನ್ನಲು ನಮಗೆ ನಾಲಿಗೆ ಏಳಲಿಲ್ಲ. ಎಲ್ಲರ ಮನೆಯಲ್ಲೂ ಗುರುತಿಲ್ಲದ ನೆಂಟರು ಎಲೆ ಹಾಕಿಕೊಂಡು ಕೂತಿದ್ದರು. ಹನ್ನೆರಡನೆಯ ದಿನ ಊರಿನಲ್ಲಿ ಹಿಡಿ ಅಕ್ಕಿ ಇಲ್ಲದಾದಾಗ ಒಬ್ಬರು ಏಣಿ ಹತ್ತಿ ‘ಆರ್’ ಅಳಿಸಿ ‘ಈಸ್’ ಮಾಡಿದರು. ಸಂಜೆ ಬಸ್ಸಿಗೆ ನೆಂಟರೆಲ್ಲ ಕನಸಿನಿಂದ ಎದ್ದವರ ಹಾಗೆ ಎದ್ದು ಹೊರಟುಹೋದರು.

ಏಣಿ ಹತ್ತಿದವನು ನಾನೇ. ಹೆಸರು ತಿಪ್ಪಣ್ಣ, ಊರಿನ ಬಾಯಲ್ಲಿ ತಪ್ಪಣ್ಣ. ಹೈಸ್ಕೂಲಿನಲ್ಲಿ ಜವಾನ. ಗಂಟೆ ಹೊಡೆಯುವುದು, ಗಡಿಗೆಗೆ ನೀರು ತುಂಬುವುದು ಹೆಸರಿಗೆ ಇರುವ ಕೆಲಸ. ನಿಜವಾದ ಕೆಲಸ ಶುರುವಾಗುವುದು ಮೂರೂವರೆಗೆ, ಮಕ್ಕಳು ತಮ್ಮ ಇಂಗ್ಲಿಷ್ ನೋಟ್‌ಬುಕ್ಕುಗಳನ್ನು ತಂದು ನನ್ನ ಬೆಂಚಿನ ಮೇಲೆ ಪೇರಿಸಿದ ಮೇಲೆ. ಬೇರೆ ಊರುಗಳಲ್ಲಿ ಕೆಂಪು ಪೆನ್ನು ಇರುವುದು ತಪ್ಪು ತಿದ್ದುವುದಕ್ಕಂತೆ. ನಮ್ಮೂರಿನಲ್ಲಿ ತಪ್ಪು ಹಾಕುವುದಕ್ಕೆ. ‘ಪದವನ್ನು ಸ್ವಂತ ವಾಕ್ಯದಲ್ಲಿ ಬಳಸಿರಿ’ ಎಂಬ ಅಭ್ಯಾಸ ಇದೆಯಲ್ಲ, ಅದರಲ್ಲಿ ಮಕ್ಕಳು ಬರೆದ ಪ್ರತಿ ವಾಕ್ಯಕ್ಕೂ ಒಂದೊಂದು ತಪ್ಪು ಹಾಕಿ ಮನೆಗೆ ಕಳಿಸಬೇಕು. ‘ಈಸ್’ ಇದ್ದಲ್ಲಿ ‘ಆರ್’, ‘ವಾಸ್’ ಇದ್ದಲ್ಲಿ ‘ವೇರ್’, ಹಾಗೆ. ಬಿಟ್ಟರೆ ಬೆಳಗಾಗುವಷ್ಟರಲ್ಲಿ ಬರೆದ ವಾಕ್ಯ ನಿಜವಾಗಿಬಿಡುತ್ತದೆ. ಬಾಯಲ್ಲಿ ಎಷ್ಟು ಸರಿಯಾಗಿ ಹೇಳಿದರೂ ಏನೂ ಇಲ್ಲ, ಬರೆದರೆ ಮಾತ್ರ. ಅದೂ ಇಂಗ್ಲಿಷಿನಲ್ಲಿ, ಅದೂ ನಮ್ಮೂರಿನ ಗಡಿಯೊಳಗೆ. ಕನ್ನಡದಲ್ಲಿ ಬೇಕಾದ್ದು ಬರೆದುಕೊಳ್ಳಬಹುದು, ಎಲೆಯೂ ಅಲ್ಲಾಡುವುದಿಲ್ಲ. ಇದನ್ನು ಕನ್ನಡದಲ್ಲಿ ಬರೆಯುವ ಧೈರ್ಯ ನನಗೆ ಬಂದದ್ದೂ ಹಾಗೆಯೇ.

ಸಿದ್ದರಾಮಣ್ಣನನ್ನೇ ನೋಡಿ. ಮೂವತ್ತೊಂದು ವರ್ಷದ ಹಿಂದೆ ಅವನ ಮಗ ಮೂರನೆಯ ಕ್ಲಾಸಿನಲ್ಲಿ ‘ಮಾರ್ಕೆಟ್’ ಪದಕ್ಕೆ ‘ಸಿದ್ದರಾಮ ಗೋ ಟು ಮಾರ್ಕೆಟ್ ಎವ್ರಿ ಡೇ’ ಎಂದು ಬರೆದ. ಆ ‘ಗೋ’ ನಾನು ಈಗ ಬೇಕೆಂದೇ ಹಾಕಿದ್ದು. ಹುಡುಗ ಸರಿಯಾಗಿಯೇ ಬರೆದಿದ್ದ. ಅವತ್ತಿನಿಂದ ಸಿದ್ದರಾಮಣ್ಣ ದಿನಾ ಸಂತೆ ಮಾಳಕ್ಕೆ ಹೋಗುತ್ತಾನೆ. ಸಂತೆ ಇರುವುದು ಮಂಗಳವಾರ ಒಂದೇ ದಿನ. ಮಿಕ್ಕ ಆರು ದಿನ ಕಂಕುಳಲ್ಲಿ ಕೈಚೀಲ ಇಟ್ಟುಕೊಂಡು ಖಾಲಿ ಮಾಳದಲ್ಲಿ ಒಂದು ಸುತ್ತು ಹಾಕಿ ಬರುತ್ತಾನೆ. ಕಾಲು ಮುರಿದಾಗ ನಾಲ್ಕು ಜನ ಮಂಚದ ಸಮೇತ ಹೊತ್ತುಕೊಂಡು ಹೋಗಬೇಕಾಯಿತು, ಇಲ್ಲದಿದ್ದರೆ ಮುರಿದ ಕಾಲಲ್ಲೇ ನಡೆಯುತ್ತಿದ್ದ. ಸೊಸೆ ಹೊಂದಿಕೊಂಡಿದ್ದಾಳೆ. “ಹೆಂಗೂ ಹೋಗ್ತೀರಲ್ಲ ಮಾವ, ಬರ್ತಾ ದಾರೀಲಿ ಕೊತ್ತಂಬ್ರಿ ಸೊಪ್ಪು ಸಿಕ್ಕಿದ್ರೆ ತನ್ನಿ” ಅನ್ನುತ್ತಾಳೆ. ತಪ್ಪು ಹಾಕಿ ಬಿಡಿಸೋಣವೆಂದರೆ ಆ ನೋಟ್‌ಬುಕ್ಕು ಕಡಲೆಕಾಯಿ ಪೊಟ್ಟಣವಾಗಿ ಎಲ್ಲೆಲ್ಲಿಗೋ ಹೋಯಿತು. ಬರೆದ ಕಾಗದ ಕೈಗೆ ಸಿಕ್ಕಿದರೆ ಉಂಟು, ಕಳೆದುಹೋದರೆ, ಸುಟ್ಟರೆ, ವಾಕ್ಯ ಹಾಗೇ ನಿಂತುಬಿಡುತ್ತದೆ.

ಕೆಳಗೇರಿಯ ಬಾವಿಯೂ ಹಾಗೆಯೇ. ಯಾವುದೋ ಮಗು ‘ಸೈಲೆಂಟ್’ ಪದವನ್ನು ಸರಿಯಾಗಿ ಬಳಸಿದ್ದರಿಂದ ಆ ಬಾವಿಯಲ್ಲಿ ಸದ್ದೇ ಇಲ್ಲ. ಕೊಡ ಬೀಳುತ್ತದೆ, ಕೇಳಿಸುವುದಿಲ್ಲ. ಬಗ್ಗಿ ಕೂಗಿದರೆ ಕೂಗು ಒಳಗೇ ಹೋಗುತ್ತದೆ, ವಾಪಸು ಬರುವುದಿಲ್ಲ. ಹೆಂಗಸರು ಹಗ್ಗಕ್ಕೆ ಏಳು ಗಂಟು ಹಾಕಿಕೊಂಡಿದ್ದಾರೆ. ಏಳನೆಯ ಗಂಟು ಕೈ ದಾಟಿತೆಂದರೆ ನೀರು ಮುಟ್ಟಿತೆಂದು ಅರ್ಥ. ಹೊಸ ಸೊಸೆಯಂದಿರಿಗೆ ಮೊದಲು ಕಲಿಸುವುದೇ ಅದು.

ತಪ್ಪು ಹಾಕಬೇಕೆಂದರೆ ಸರಿ ಗೊತ್ತಿರಬೇಕು. ನಾನು ಓದಿದ್ದು ನಾಲ್ಕನೆಯ ಕ್ಲಾಸು. ಇಂಗ್ಲಿಷ್ ಕಲಿತದ್ದು ಹಳೇ ಪೇಪರಿನ ಅಂಗಡಿಯಲ್ಲಿ ಸಿಕ್ಕಿದ ಒಂದು ವ್ಯಾಕರಣದ ಪುಸ್ತಕದಿಂದ. ದೀಪ ಹಚ್ಚಿಕೊಂಡು, ಒಬ್ಬನೇ, ತಲೆ ಕೆರೆದುಕೊಂಡು. ನೂರ ನಲವತ್ತನೆಯ ಪುಟದವರೆಗೆ ಚೆನ್ನಾಗಿದೆ, ಅದರಾಚೆ ಗೆದ್ದಲು ತಿಂದಿದೆ. ಗೆದ್ದಲು ತಿಂದದ್ದು ಯಾವ ಪಾಠವೆಂದು ನಾನು ಎಂದೂ ಯೋಚಿಸಲಿಲ್ಲ. ಅಲ್ಲಿಯವರೆಗೆ ಕಲಿತದ್ದೇ ಮೂವತ್ತು ವರ್ಷ ಊರನ್ನು ಕಾದಿತ್ತಲ್ಲ.

ಈಗ ಅನಸೂಯಮ್ಮನ ವಿಷಯ. ಗರಡಿ ಬೀದಿಯಲ್ಲಿ ಅವಳದೊಂದು ಹೊಲಿಗೆ ಮಿಷನ್ನು. ಊರಿನ ಅರ್ಧ ಹೆಂಗಸರ ರವಿಕೆ ಅವಳದೇ ಕೈಯದು. ಗಂಡ ಮಹಾರುದ್ರಪ್ಪ ಗೋಲಿ ಸೋಡಾ ಮಾಡುತ್ತಿದ್ದ. ನನಗೆ ಜೀವದ ಗೆಳೆಯ. ಊರಿಗೆಲ್ಲ ಸೋಡಾ ಕುಡಿಸಿ, ಸಂಜೆ ಆರಕ್ಕೆ ಮನೆಗೆ ಬಂದು, ಚಿಲಕ ತೆಗೆದು, ಚಪ್ಪಲಿ ಬಿಟ್ಟು, ಒಂದು ಚೊಂಬು ನೀರನ್ನು ಎತ್ತಿ ಕುಡಿದು “ಉಸ್ಸಪ್ಪಾ” ಅನ್ನುತ್ತಿದ್ದ. “ಏನಯ್ಯಾ, ಸೋಡಾ ಕುಡಿಯೋದಿಲ್ವಾ?” ಎಂದು ಕೇಳಿದರೆ “ಅದು ಮಾರೋಕೆ, ಇದು ಬಾಯಾರಿಕೆಗೆ” ಅನ್ನುತ್ತಿದ್ದ. ಎರಡು ವರ್ಷದ ಹಿಂದೆ ಜ್ವರ ಬಂದು ಒಂಬತ್ತೇ ದಿನದಲ್ಲಿ ಹೋದ. ಉಳಿದವರು ಅನಸೂಯಮ್ಮ ಮತ್ತು ಮಗಳು ಶಾಂಭವಿ. ಹುಡುಗಿ ಹತ್ತನೆಯ ಕ್ಲಾಸು, ಚುರುಕು. ನನ್ನನ್ನು ಮಾವ ಎಂದು ಕರೆಯುತ್ತಾಳೆ. ಅವಳ ತಾಯಿ ನನ್ನನ್ನು ಅಣ್ಣ ಎನ್ನುವುದರಿಂದ.

ಅವತ್ತು ಕ್ಲಾಸಿನಲ್ಲಿ ಕೊಟ್ಟಿದ್ದ ಪದ ‘ಅಲೈವ್’. ಜೀವಂತ. ಮಕ್ಕಳೆಲ್ಲ ಬೆಕ್ಕು ಜೀವಂತ, ಹಾವು ಜೀವಂತ ಎಂದು ಬರೆದಿದ್ದರು, ನಾನು ಸರಸರ ‘ಆರ್’ ಹಾಕುತ್ತಾ ಬಂದೆ. ಶಾಂಭವಿಯ ಪುಸ್ತಕ ಬಂತು. ಚೆಂದದ ಅಕ್ಷರ. ‘ಇಫ್ ಮೈ ಫಾದರ್ ವಾಸ್ ಅಲೈವ್, ಹಿ ವುಡ್ ಕಮ್ ಹೋಮ್ ಅಟ್ ಸಿಕ್ಸ್ ಅಂಡ್ ಡ್ರಿಂಕ್ ವಾಟರ್.’ ಅಪ್ಪ ಜೀವಂತ ಇದ್ದಿದ್ದರೆ ಆರಕ್ಕೆ ಮನೆಗೆ ಬಂದು ನೀರು ಕುಡಿಯುತ್ತಿದ್ದ. ಮಹಾರುದ್ರಪ್ಪನ ಚೊಂಬು ಎತ್ತುವ ಕೈ ಕಂಡ ಹಾಗಾಯಿತು. ಆದರೆ ಕೆಲಸ ಕೆಲಸವೇ. ಒಬ್ಬರಿಗೆ ‘ವಾಸ್’, ಬಹಳ ಜನಕ್ಕೆ ‘ವೇರ್’, ಪುಸ್ತಕದ ಐವತ್ತೆರಡನೆಯ ಪುಟ. ಅಪ್ಪ ಒಬ್ಬನೇ ತಾನೆ? ‘ವಾಸ್’ ಹೊಡೆದು ಅದರ ತಲೆಯ ಮೇಲೆ ‘ವೇರ್’ ಬರೆದು ಮುಚ್ಚಿಟ್ಟೆ.

ಎರಡು ದಿನ ಬಿಟ್ಟು ಶಾಂಭವಿ ಬೆಲ್ಲಿಗೆ ಮೊದಲೇ ಬಂದು ನನ್ನ ಬೆಂಚಿನ ಹತ್ತಿರ ನಿಂತಳು. ಮುಖದಲ್ಲಿ ರಕ್ತ ಇರಲಿಲ್ಲ.

“ಮಾವ, ನನ್ನ ಬುಕ್ಕಲ್ಲಿ ಏನ್ ಹಾಕಿದ್ರಿ?”

“ತಪ್ಪು ಹಾಕ್ದೆ ಕಣಮ್ಮ. ಇನ್ನೇನ್ ಹಾಕ್ತಾರೆ?”

“ನೀವ್ ಹಾಕಿದ್ದು ತಪ್ಪಲ್ಲ, ಸರಿ.”

“ಹಿ ಜೊತೆ ವೇರ್ ಬರ್ತದಾ? ಯಾವ ಕಾಲಕ್ಕೂ ಬರಲ್ಲ. ಐವತ್ತೆರಡನೇ ಪುಟ ತೋರಿಸ್ಲಾ?”

“ಪುಟ ನೀವೇ ಇಟ್ಕೊಳ್ಳಿ ಮಾವ. ನಿನ್ನೆ ಸಾಯಂಕಾಲ ಆರಕ್ಕೆ ನಮ್ಮನೆ ಚಿಲಕ ತೆಗೀತು.”

ನನ್ನ ಕೈಯಲ್ಲಿದ್ದ ಗಂಟೆಯ ಸುತ್ತಿಗೆ ಕೆಳಗೆ ಬಿತ್ತು. ಹುಡುಗಿ ತಲೆ ತಗ್ಗಿಸಿಕೊಂಡು ಇನ್ನೊಂದು ಮಾತು ಹೇಳಿದಳು. ಆ ವಾಕ್ಯವನ್ನು ಅವಳು ಮೊದಲೇ ಮನೆಯಲ್ಲಿ ಬರೆದಿದ್ದಳಂತೆ. ಕದ್ದು. ಒಂದಲ್ಲ, ಆರು ಸಲ. ತನಗೆ ಗೊತ್ತಿದ್ದಷ್ಟು ಸರಿಯಾಗಿ, ‘ವಾಸ್’ ಎಂದೇ. ಬರೆದು ಆರು ಸಂಜೆ ಬಾಗಿಲು ನೋಡಿಕೊಂಡು ಕೂತಿದ್ದಳಂತೆ. ಏನೂ ಆಗಲಿಲ್ಲ. “ಅಪ್ಪಂಗೇ ಬರೋಕೆ ಇಷ್ಟ ಇಲ್ಲ ಅಂದ್ಕೊಂಡೆ ಮಾವ. ಅದಕ್ಕೇ ಕ್ಲಾಸಲ್ಲಿ ಬರೆದುಬಿಟ್ಟೆ, ಹೆಂಗೂ ಆಗಲ್ವಲ್ಲ ಅಂತ.”

ನಮ್ಮೂರಿನಲ್ಲಿ ಒಂದು ವಾಕ್ಯ ಸರಿಯೋ ತಪ್ಪೋ ತಿಳಿಯಲು ಪುಸ್ತಕ ಬೇಕಾಗಿಲ್ಲ. ಗೆದ್ದಲು ತಿಂದದ್ದು ‘ಇಫ್’ ಪಾಠವೆಂದು ನನಗೆ ಅವತ್ತು ಗೊತ್ತಾಯಿತು. ಇದ್ದವರಿಗೆ ‘ವಾಸ್’, ಇದ್ದಿದ್ದರೆ ಎನ್ನುವವರಿಗೆ ‘ವೇರ್’. ಇಲ್ಲದವನೊಬ್ಬನಿಗೆ ಇಂಗ್ಲಿಷಿನವರು ಬಹಳ ಜನರ ಮರ್ಯಾದೆ ಕೊಡುತ್ತಾರೆಂದು ನನಗೇನು ಗೊತ್ತು?

ಸಂಜೆ ಕೆಂಪು ಪೆನ್ನು ಜೇಬಿಗೆ ಹಾಕಿಕೊಂಡು ಹೋದೆ. ಅನಸೂಯಮ್ಮ ಬಾಗಿಲಲ್ಲೇ ಇದ್ದಳು. ತಲೆ ಬಾಚಿ, ಮುಖ ತೊಳೆದು, ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಳು. ಎರಡು ವರ್ಷದಲ್ಲಿ ನಾನು ಅವಳನ್ನು ಹಾಗೆ ನೋಡಿರಲಿಲ್ಲ.

“ಬನ್ನಿ ಅಣ್ಣ, ಸರಿಯಾದ ಹೊತ್ತಿಗೆ ಬಂದ್ರಿ. ಕೂತ್ಕೊಳ್ಳಿ, ಆ ಕಡೆ ಬೇಡ, ದಾರಿಗೆ ಅಡ್ಡ ಆಗ್ತದೆ.”

ಗೋಡೆಯ ಪಕ್ಕ ಮಣೆ ಹಾಕಿದ್ದಳು, ಅದರ ಮೇಲೆ ಹುಣಸೆಹಣ್ಣು ಹಚ್ಚಿ ಬೆಳಗಿದ ಹಿತ್ತಾಳೆ ಚೊಂಬು, ತುಂಬಾ ನೀರು. ಆರು ಹೊಡೆಯಿತು. ಚಿಲಕ ಮೇಲೆದ್ದಿತು. ಬಾಗಿಲು ಒಬ್ಬ ಮನುಷ್ಯ ಒಳಗೆ ಬರುವಷ್ಟು ತೆರೆಯಿತು, ಮುಚ್ಚಿತು. ಯಾರೂ ಬರಲಿಲ್ಲ. ಯಾರೂ ಬರಲಿಲ್ಲ ಎಂಬುದನ್ನು ನಾನು ಕಣ್ಣು ಬಿಟ್ಟು ನೋಡಿದೆ. ಆಮೇಲೆ ಚೊಂಬಿನ ನೀರು ಇಳಿಯತೊಡಗಿತು, ಗುಟುಕು ಗುಟುಕಾಗಿ, ನಡುನಡುವೆ ಉಸಿರು ತೆಗೆದುಕೊಳ್ಳುವಷ್ಟು ನಿಂತು ನಿಂತು. ತಳ ಕಂಡಿತು. ಮಣೆಯ ಮೇಲೆ ಒಂದು ಹನಿಯೂ ಇರಲಿಲ್ಲ. ಅನಸೂಯಮ್ಮ ಕಿವಿಗೊಟ್ಟು ಕಾದಳು. ಮನೆ ಕೆಳಗೇರಿ ಬಾವಿಯ ಹಾಗೆ ಸದ್ದಿಲ್ಲದೆ ಇತ್ತು.

“ಉಸ್ಸಪ್ಪಾ ಅನ್ನಲ್ಲ ನೋಡಿ” ಎಂದಳು. “ಅದನ್ನ ಬರೆದಿಲ್ಲ ಇವಳು. ಊಟ ಮಾಡ್ತಿದ್ರು ಅಂತಾನೂ ಬರಿ, ಮಾತಾಡ್ತಿದ್ರು ಅಂತಾನೂ ಬರಿ ಅಂತ ಬಡ್ಕೊಂಡೆ. ಕೇಳಲ್ಲ.”

“ಬರೆಯಲ್ಲಮ್ಮ” ಎಂದಳು ಶಾಂಭವಿ ಮೂಲೆಯಿಂದ. “ಅದು ಅಪ್ಪ ಅಲ್ಲ. ಅಪ್ಪ ಇದ್ದಿದ್ರೆ ಅನ್ನೋದು.”

“ಅಷ್ಟಾದ್ರೂ ಐತಲ್ಲೇ!”

ನಾನು ಪೆನ್ನು ತೆಗೆದೆ. ಅನಸೂಯಮ್ಮ ಸೊಂಟದ ಬೀಗದ ಕೈ ಮುಟ್ಟಿಕೊಂಡಳು. ನೋಟ್‌ಬುಕ್ಕು ಆಗಲೇ ಟ್ರಂಕಿನೊಳಗೆ ಹೋಗಿತ್ತು. “ಎಂಟು ದಿನ ಬಿಡಿ ಅಣ್ಣ. ನಿಮ್ಮ ಗೆಳೆಯನ ಬಾಯಾರಿಕೆ ಎಂಟು ದಿನ ತೀರಲಿ. ಹೋಗೋ ದಿನ ಅವರಿಗೆ ನೀರು ಕುಡಿಸೋಕೆ ಆಗ್ಲಿಲ್ಲ ನಂಗೆ, ಗಂಟಲಲ್ಲಿ ಇಳೀಲಿಲ್ಲ.”

ಇದಕ್ಕೆ ಏನು ಹೇಳುತ್ತೀರಿ? ನಾನು ಪೆನ್ನಿನ ಮುಚ್ಚಳ ಹಾಕಿಕೊಂಡು ಎದ್ದು ಬಂದೆ. ನಿಜ ಹೇಳಬೇಕೆಂದರೆ ನನಗೂ ಆ ಚಿಲಕದ ಸದ್ದು ಇನ್ನೊಂದು ಸಲ ಕೇಳಬೇಕಿತ್ತು.

ಎಂಟು ದಿನ ಹದಿನೈದಾಯಿತು, ಹದಿನೈದು ಹೋಗಿ ಒಂದು ತಿಂಗಳಾಯಿತು. ಅನಸೂಯಮ್ಮ ಮನೆಯಿಂದ ಹೊರಗೆ ಬರುವುದು ನಿಂತಿತು. ಬೆಳಗ್ಗೆ ಎದ್ದರೆ ಆರು ಗಂಟೆಯ ಯೋಚನೆ. ಮಾತು ಮಾತಿಗೆ ಅವನದೇ ಸುದ್ದಿ. ಇವತ್ತು ಅವರಿದ್ದಿದ್ದರೆ ಹುರುಳಿಕಾಳು ಬೇಡ ಅನ್ನುತ್ತಿದ್ದರು, ಅವರಿದ್ದಿದ್ದರೆ ಈ ಸೀರೆಗೆ ಬಯ್ಯುತ್ತಿದ್ದರು. ನಾನು ಸುಮ್ಮನೆ ಕೇಳುತ್ತಿದ್ದೆ. ಇದ್ದಿದ್ದರೆ ಎಂಬ ಮಾತನ್ನು ಯಾರು ತಾನೆ ಆಡುವುದಿಲ್ಲ?

ಒಂದು ದಿನ ಪಕ್ಕದ ಮನೆ ಚಂದ್ರಮ್ಮ ಸ್ಕೂಲಿನ ಗೇಟಿನ ಹತ್ತಿರ ಸಿಕ್ಕಿದಳು. ಕೈಯಲ್ಲಿ ಹಸಿರು ರವಿಕೆ ಕಣ.

“ಎಲ್ಲಿಗೆ ಹೊರಟ್ಯವ್ವ?”

“ಕೋಟೆ ಬೀದಿ ಟೈಲರ್ ಹತ್ರ. ತೋಳು ಕೆಡಿಸ್ತಾನೆ, ಏನ್ಮಾಡೋದು? ಅನಸೂಯಮ್ಮ ಇದ್ದಿದ್ರೆ ನಾಳೇನೇ ಹೊಲ್ದು ಕೊಡ್ತಿದ್ಲು.”

“ಅವಳಿಗೇನಾಗೈತೆ? ಮನೇಲೇ ಇದಾಳಲ್ಲ!”

ಚಂದ್ರಮ್ಮ ಹುಬ್ಬು ಗಂಟಿಕ್ಕಿದಳು. ತಾನು ಮರೆತದ್ದೇನೋ ಬಾಯಿಯ ತುದಿಯಲ್ಲಿದೆ ಎಂಬ ಹಾಗೆ. “ಹೌದಲ್ವಾ? ಅವರ ಮನೆ ಬಾಗ್ಲಿಗೇ ಹೋಗಿದ್ದೆ ಕಣಣ್ಣ, ಬಾಗ್ಲು ತೆಗ್ದೇ ಇತ್ತು. ಮಿಷನ್ ಮುಂದೆ ಯಾರೋ... ಯಾರೋ ಕೂತ್ಕೊಂಡಿರ್ತಿದ್ರಲ್ಲ ಅನ್ಕೊಂಡು ವಾಪಸ್ ಬಂದೆ.” ಅಷ್ಟು ಹೇಳಿ, ಕಣವನ್ನು ಎದೆಗೊತ್ತಿಕೊಂಡು ಕೋಟೆ ಬೀದಿಯ ಕಡೆಗೇ ನಡೆದಳು.

ಆ ವಾರ ಇನ್ನೂ ಮೂವರ ಬಾಯಲ್ಲಿ ಅದನ್ನೇ ಕೇಳಿದೆ. ಹಾಲಿನವನು ಅವರ ಮನೆಗೆ ಅರ್ಧ ಲೀಟರು ಕಡಿಮೆ ಹಾಕತೊಡಗಿದ್ದ. “ಅವಮ್ಮ ಇದ್ದಿದ್ರೆ ಒಂದು ಲೀಟ್ರು ತಗೊಳ್ತಿದ್ರು” ಎಂದು ಅವನು ಕನಿಕರದಿಂದ ಹೇಳಿದ. ಶುಕ್ರವಾರ ಕ್ಷೌರದ ಅಂಗಡಿಯಲ್ಲಿ ಕೂತು ಕನ್ನಡಿ ನೋಡುತ್ತಾ ನಾನೇ ಏನೋ ಹರಟುತ್ತಿದ್ದೆ. “ಪಾಪ, ಅನಸೂಯಮ್ಮ ಇದ್ದಿದ್ರೆ ಹುಡುಗೀನ ಮುಂದಕ್ಕೆ ಓದಿಸ್ತಿದ್ಲು” ಎಂದೆ. ಹೇಳಿದ್ದು ನನ್ನದೇ ಬಾಯಿ. ಕನ್ನಡಿಯಲ್ಲಿ ನೊರೆ ಹಚ್ಚಿದ ನನ್ನ ಮುಖ ನನ್ನನ್ನೇ ನೋಡುತ್ತಿತ್ತು.

ಅರ್ಧ ಕ್ಷೌರದಲ್ಲೇ ಎದ್ದು ಬಂದವನಿಗೆ ಸಂತೆ ಮಾಳದ ದಾರಿಯಲ್ಲಿ ಸಿದ್ದರಾಮಣ್ಣ ಎದುರಾದ. ಅವನು ನಿಲ್ಲುವಂತಿಲ್ಲ, ಜೊತೆಯಲ್ಲೇ ಹೆಜ್ಜೆ ಹಾಕುತ್ತಾ ಎಲ್ಲ ಹೇಳಿದೆ. ಅವನು ಕೈಚೀಲವನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಾಯಿಸಿದ.

“ನೋಡು ತಪ್ಪಣ್ಣ, ನನ್ನ ವಾಕ್ಯ ನಂಗೆ ಬರೀ ಕಾಲು ನೋವು ಕೊಡ್ತದೆ. ನಿಂದು ಹಂಗಲ್ಲ. ಇಫ್ ಅನ್ನೋದು ಬಾಗ್ಲು ಇದ್ದಂಗೆ. ಇಲ್ದೋರು ಒಳಗ್ ಬರ್ಲಿ ಅಂತ ದಿನಾ ತೆಗೆದಿಟ್ರೆ, ಇರೋರು ಅದ್ರಾಗೇ ಹೊರಗ್ ಹೋಗ್ತಾರೆ. ನೀ ಇವತ್ತೇ ಹೋಗು. ನಾಳೆ ಹೊತ್ಗೆ ಅವಳ ಮಗಳೇ ಮರೆತ್ರೆ ಆಮೇಲೆ ಯಾರ್ ನೆನಪಿಸ್ತಾರೆ?”

ಐದೂವರೆಗೆ ಗರಡಿ ಬೀದಿಯಲ್ಲಿದ್ದೆ. ಒಳಗೆ ಮಿಷನ್ನಿನ ಸದ್ದು ಕೇಳುತ್ತಿತ್ತು. ಉಸಿರು ಬಂದ ಹಾಗಾಯಿತು. ಬಾಗಿಲು ತೆಗೆದವಳು ಶಾಂಭವಿ. ತಾನೇ ಜಡೆ ಹಾಕಿಕೊಂಡಿದ್ದಳೆಂದು ಕಾಣುತ್ತದೆ, ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ.

“ಬನ್ನಿ ಮಾವ. ಅಮ್ಮ ಇದ್ದಿದ್ರೆ ಕಾಫಿ ಮಾಡಿ ಕೊಡ್ತಿದ್ಲು. ನಂಗೆ ಹದ ಗೊತ್ತಾಗಲ್ಲ.”

ಅವಳ ಹೆಗಲ ಮೇಲಿಂದ ನೋಡಿದೆ. ಮಿಷನ್ನಿನ ಮುಂದೆ ಅನಸೂಯಮ್ಮ ಕೂತಿದ್ದಳು. ಕೂತಿದ್ದಾಳೆ ಎಂದು ನನಗೆ ನಾನೇ ಹೇಳಿಕೊಂಡು ನೋಡಬೇಕಾಯಿತು. ಹೇಳಿಕೊಳ್ಳುವುದು ಬಿಟ್ಟರೆ ಕಣ್ಣು ಅವಳ ಮೇಲಿಂದ ಜಾರಿ ಹಿಂದಿನ ಗೋಡೆಗೆ ಹೋಗುತ್ತಿತ್ತು. ಕಾಲು ತುಳಿಯುತ್ತಿತ್ತು, ಸೂಜಿ ಇಳಿದೇಳುತ್ತಿತ್ತು. ಸೂಜಿಯ ಕೆಳಗಿಂದ ಬರುತ್ತಿದ್ದ ಬಟ್ಟೆಯಲ್ಲಿ ಸಾಲಾಗಿ ತೂತುಗಳಿದ್ದವು, ದಾರ ಮಾತ್ರ ಇರಲಿಲ್ಲ. ಮಗಳ ಮಾತು ಕೇಳಿ ಅವಳ ಕಾಲು ನಿಂತಿತು.

“ಏನಂದ್ಲು ಅಣ್ಣ ಇವಳು?” ದನಿ ಗೋಡೆಯಾಚೆಯಿಂದ ಬಂದ ಹಾಗಿತ್ತು.

ಅವಳು ಮಗಳ ಕಡೆಗೆ ತಿರುಗಿದಳು.

“ಏಯ್ ಶಾಂಭೂ. ಇಲ್ನೋಡೇ. ಇಲ್ಲೇ ಇದೀನಲ್ಲೇ.”

ಶಾಂಭವಿ ತಾಯಿ ಕೂತಿದ್ದ ಕಡೆಗೇ ತಿರುಗಿದಳು. ತಾಯಿಯನ್ನು ದಾಟಿ ಗಡಿಯಾರ ನೋಡಿದಳು. “ಆರಾಗ್ತಾ ಬಂತು” ಎಂದು ಚೊಂಬು ತೆಗೆದುಕೊಂಡು ನೀರು ತುಂಬಲು ಹೋದಳು. ಹೋಗುವಾಗ ಅವಳ ಲಂಗ ತಾಯಿಯ ಮೊಣಕಾಲಿಗೆ ತಾಗಿತು. ಮಂಚದ ಕಾಲಿಗೆ ತಾಗಿದ ಹಾಗೆ ಸರಿಸಿಕೊಂಡು ನಡೆದಳು.

ಅನಸೂಯಮ್ಮ ತನ್ನ ಮೊಣಕಾಲನ್ನೇ ನೋಡುತ್ತಾ ಕೂತಳು. ಆಮೇಲೆ ಎದ್ದು, ಸೊಂಟದಿಂದ ಕೀ ಬಿಚ್ಚಿ, ಟ್ರಂಕು ತೆಗೆದು, ನೋಟ್‌ಬುಕ್ಕನ್ನು ತಂದು ನನ್ನ ತೊಡೆಯ ಮೇಲೆ ಇಟ್ಟಳು.

“ಇವತ್ತೊಂದಿನ ನೀರು ಕುಡ್ಕೊಂಡು ಹೋಗ್ಲಿ” ಎಂದಳು. “ಬಾಯಾರಿಸಿ ಕಳಿಸಬಾರ್ದು.”

ಶಾಂಭವಿ ಚೊಂಬು ತಂದಿಟ್ಟಳು. ಮೂವರೂ ಕಾದೆವು. ಆರು ಹೊಡೆಯಿತು, ಚಿಲಕ ಎದ್ದಿತು, ಬಾಗಿಲು ಒಬ್ಬನಷ್ಟು ತೆರೆದು ಮುಚ್ಚಿತು. ನೀರು ಇಳಿಯುತ್ತಾ ಹೋಯಿತು. ಅನಸೂಯಮ್ಮ ಮಣೆಯ ಹತ್ತಿರ ಕೂತು, ಸೆರಗಿನ ತುದಿಯಿಂದ ಗಾಳಿ ಹಾಕುತ್ತಿದ್ದಳು, ಯಾರೂ ಇಲ್ಲದ ಜಾಗಕ್ಕೆ. ಚೊಂಬು ಖಾಲಿಯಾಯಿತು. ಕಡೆಯ ಗುಟುಕಾದ ಮೇಲೆ ಅವಳೇ ಮೆಲ್ಲಗೆ “ಉಸ್ಸಪ್ಪಾ” ಎಂದಳು, ಗಂಡಸಿನ ದನಿ ಮಾಡಿಕೊಂಡು, ಅವನು ಅನ್ನುತ್ತಿದ್ದ ಹಾಗೆಯೇ.

“ಈಗ ಹಾಕಿ ಅಣ್ಣ.”

ಪೆನ್ನು ತೆಗೆದೆ. ಮೂವತ್ತು ವರ್ಷ ಕಣ್ಣು ಮುಚ್ಚಿಕೊಂಡು ತಪ್ಪು ಹಾಕಿದವನಿಗೆ ಅವತ್ತು ಯಾವುದು ತಪ್ಪೆಂದು ಗೊತ್ತಾಗಲಿಲ್ಲ. ‘ಕಮ್’ಗೆ ‘ಎಸ್’ ಎಂಬ ಬಾಲ ಸೇರಿಸಲೇ? ಅದೂ ಗೆದ್ದಲು ತಿಂದ ಪುಟದಲ್ಲೆಲ್ಲೋ ಸರಿಯೇ ಆಗಿದ್ದರೆ? ಒಂದನ್ನು ಬಿಡಿಸಲು ಹೋಗಿ ಇನ್ನೊಂದು ತಂದುಕೊಂಡರೆ?

“ಹೊಲಿಗೆ ತಪ್ಪಿದ್ರೆ ನಾವು ಹೊಸದಾಗಿ ತಪ್ಪು ಹೊಲಿಯಲ್ಲ ಅಣ್ಣ” ಎಂದಳು ಅನಸೂಯಮ್ಮ. “ಹಾಕಿದ್ದನ್ನ ಬಿಚ್ತೀವಿ.”

ಹೌದಲ್ಲ. ಆರು ಸಂಜೆ ಬಾಗಿಲು ನೋಡಿದರೂ ಏನೂ ಆಗದಿದ್ದ ಪದವೊಂದು ಅಲ್ಲೇ ಇತ್ತು, ನನ್ನ ಕೆಂಪು ಗೀಟಿನ ಕೆಳಗೆ. ನನ್ನ ‘ವೇರ್’ ಹೊಡೆದುಹಾಕಿ, ಮಗು ಬರೆದಿದ್ದ ‘ವಾಸ್’ ಅನ್ನು ಮತ್ತೆ ಬರೆದೆ.

ಅವತ್ತು ರಾತ್ರಿ ನನಗೆ ನಿದ್ದೆ ಬಂದಿತೆಂದು ಸುಳ್ಳು ಹೇಳುವುದಿಲ್ಲ. ಮಾರನೆಯ ದಿನ ಶಾಂಭವಿ ಶಾಲೆಗೆ ಬಂದಾಗ ಮೊದಲು ಅವಳ ಜಡೆ ನೋಡಿದೆ. ಎರಡೂ ಸಮ ಇದ್ದವು, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದಿದ್ದವು. “ಅಮ್ಮ ತಲೆ ಕೂದ್ಲು ಕಿತ್ತೇಬಿಟ್ಲು ಮಾವ, ಅಷ್ಟು ಜೋರಾಗಿ ಎಳೆದ್ಲು” ಎಂದು ಗೊಣಗಿದಳು. ಅಷ್ಟು ಒಳ್ಳೆಯ ಗೊಣಗಾಟ ನಾನು ಕೇಳಿಲ್ಲ. ಪರೀಕ್ಷೆಗೆ ಅವಳು ಹೋದದ್ದು ಗಡಿಯಾಚೆ, ಅಲ್ಲಿ ಏನು ಬರೆದರೂ ಏನೂ ಆಗುವುದಿಲ್ಲ. ಆದರೂ ‘ಇಫ್’ ಬಳಸಿ ವಾಕ್ಯ ಬರೆಯಿರಿ ಎಂದಿದ್ದಲ್ಲಿ ಜಾಗ ಖಾಲಿ ಬಿಟ್ಟು ಬಂದಳಂತೆ. ಎರಡು ಮಾರ್ಕ್ಸು ಹೋಯಿತು. ಪಾಸಾದಳು ಬಿಡಿ.

ಕನ್ನಡದಲ್ಲೂ ಒಂದು ತೊಡಕಿದೆ, ನಾನು ಅದನ್ನು ಅಲ್ಲಿಯವರೆಗೆ ಗಮನಿಸಿರಲಿಲ್ಲ. ‘ಬರುತ್ತಿದ್ದ’ ಎಂದರೆ ನಮಗೆ ಎರಡೂ ಆಯಿತು. ದಿನಾ ಆರಕ್ಕೆ ಬರುತ್ತಿದ್ದ, ಅದೂ ಅದೇ. ಇದ್ದಿದ್ದರೆ ಬರುತ್ತಿದ್ದ, ಅದೂ ಅದೇ. ಇದ್ದವನಿಗೂ ಇಲ್ಲದವನಿಗೂ ಒಂದೇ ಮಾತು. ನಡುವೆ ಇರುವುದು ಒಂದು ಚಿಲಕ ಅಷ್ಟೇ.

ಹುಡುಗಿಯ ಜಡೆ ನೋಡಿದ ದಿನದ ಸಂಜೆಯೂ ನಾನು ಗರಡಿ ಬೀದಿಗೆ ಹೋದೆ. ಚಂದ್ರಮ್ಮ ಹಸಿರು ರವಿಕೆ ಹಿಡಿದುಕೊಂಡು ಅನಸೂಯಮ್ಮನ ಮುಂದೆ ನಿಂತಿದ್ದಳು. “ಕೋಟೆ ಬೀದಿಯವನು ತೋಳು ಕೆಡಿಸಿದ ಕಣೇ, ನಿನ್ನ ಹತ್ರ ಯಾಕೆ ಬರ್ಲಿಲ್ಲ ಅಂತ ನಂಗೇ ಗೊತ್ತಾಗ್ಲಿಲ್ಲ” ಎನ್ನುತ್ತಿದ್ದಳು. ಅನಸೂಯಮ್ಮ ದಾರ ಕಚ್ಚಿ ತುಂಡರಿಸುತ್ತಾ “ನಿಂಗೆ ಯಾವತ್ತು ಏನ್ ಗೊತ್ತಾಗೈತೆ?” ಎಂದಳು. ಹೊಲಿಗೆಯಲ್ಲಿ ದಾರ ಇತ್ತು. ನಾನು ಬೆರಳಿಂದ ಮುಟ್ಟಿ ನೋಡಿದೆ.

ಚಂದ್ರಮ್ಮ ಹೋದಳು. ಆರಾಗುತ್ತಾ ಬಂತು. ಚೊಂಬು ಮಣೆಯ ಮೇಲೆ ಇತ್ತು, ಅಭ್ಯಾಸಕ್ಕೆ ತುಂಬಿಟ್ಟಿದ್ದಳು. ಗಡಿಯಾರ ಆರು ಹೊಡೆಯಿತು. ಚಿಲಕ ಇದ್ದಲ್ಲೇ ಇತ್ತು. ನೀರಿನ ಮೇಲೆ ಬಾಗಿಲ ಬೆಳಕು ಬಿದ್ದಿತ್ತು, ಆ ಬೆಳಕು ಅಲ್ಲಾಡಲಿಲ್ಲ. ಆರೂ ಐದಾಯಿತು. ಆರೂ ಹತ್ತು.

ಅನಸೂಯಮ್ಮ ಎದ್ದು ಚೊಂಬಿನ ನೀರನ್ನು ತಾನೇ ಎತ್ತಿ ಕುಡಿದಳು, ಒಂದು ಹನಿ ಉಳಿಸದೆ. ಬಾಯಿ ಒರೆಸಿಕೊಂಡು ಅಡುಗೆಮನೆಯ ಕಡೆ ಹೊರಟವಳು ಹೊಸ್ತಿಲಲ್ಲಿ ತಿರುಗಿ, “ನಿಮ್ಮಪ್ಪ ಇದ್ದಿದ್ರೆ” ಎಂದಳು.

ಶಾಂಭವಿ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಅನಸೂಯಮ್ಮ ಮಾತು ನುಂಗಿಕೊಂಡಳು. ಹೊಸ್ತಿಲ ಮರವನ್ನು ಒಂದು ಸಲ ಕೈಯಲ್ಲಿ ಸವರಿದಳು.

“ನಿಮ್ಮಪ್ಪ ಇಲ್ಲ” ಎಂದಳು. “ಅನ್ನ ಐತೆ. ಮಾವಂಗೂ ಎಲೆ ಹಾಕು.”